ಒಣಮೀನು ಅಟ್ಟದಲ್ಲಿ, ಬಂಗುಡೆ ದಡದಲ್ಲಿ

ಮನೆ ತುಂಬ ಸರಕು, ಕೈ ಮಾತ್ರ ಖಾಲಿ. ನಿಮಗೂ ಹೀಗಾಗಿದೆಯೇ? ನಮಗಾಗಿದೆ.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಮದುವೆಯಾಗಿ ಕಡಲತೀರದ ಕಾಪುವಿಗೆ ಬಂದಿದ್ದೆ. ಗಂಡನದ್ದು ಒಣಮೀನಿನ ವ್ಯಾಪಾರ. ದಡದಲ್ಲಿ ಹಸಿ ಬಂಗುಡೆ ಕೊಂಡು, ಸೀಳಿ, ಉಪ್ಪು ಹಾಕಿ, ಒಣಗಿಸಿ ಬೆಳ್ಮಣ್, ಕಾರ್ಕಳದ ಅಂಗಡಿಗಳಿಗೆ ಕೊಡುವುದು. ಮಳೆಗಾಲದಲ್ಲಿ ದೋಣಿ ಇಳಿಯುವುದಿಲ್ಲ, ಆಗ ಒಣಮೀನಿಗೆ ಒಳ್ಳೆಯ ಬೆಲೆ. ಆ ವರ್ಷ ಇವರಿಗೆ ಹಟ ಬಂತು. ಮಳೆ ಬರುವವರೆಗೆ ಒಂದು ಬುಟ್ಟಿಯನ್ನೂ ಮಾರುವುದಿಲ್ಲವಂತೆ. ಇದ್ದ ಹಣವೆಲ್ಲ ಮೀನಾಗಿ ಅಟ್ಟ ಹತ್ತಿತು.

ಚಳಿಗಾಲದ ಒಂದು ಬೆಳಿಗ್ಗೆ, ಊರವರೆಲ್ಲ ಸೇರಿ ದಡದಿಂದ ಎಳೆಯುವ ರಂಪಣಿ ಬಲೆಗೆ ರಾಶಿ ರಾಶಿ ಬಂಗುಡೆ ಬಿತ್ತು. ಬೆಲೆ ನೆಲ ಕಂಡಿತ್ತು. ಆದರೆ ರಂಪಣಿಯ ಮೀನು ಸಾಲಕ್ಕೆ ಸಿಗುವುದಿಲ್ಲ. ಅಷ್ಟು ಉದ್ದದ ಬಲೆ ಎಳೆದವರಿಗೆಲ್ಲ ಅಲ್ಲೇ ದಡದಲ್ಲಿ ಪಾಲು ಹಂಚಬೇಕು. ಬೇರೆಯವರು ಕೊಂಡರು. ನಾವು ನೋಡಿದೆವು. ನಮ್ಮಲ್ಲಿ ಮೀನು ಸೀಳುತ್ತಿದ್ದ ಹೆಂಗಸರು ಕೆಲಸವಿಲ್ಲದೆ ಪಕ್ಕದ ವ್ಯಾಪಾರಿಯ ಅಂಗಳಕ್ಕೆ ಹೋದರು. ಇನ್ನೊಂದು ಸಲ ಹೀಗಾದರೆ ಅವರು ತಿರುಗಿ ಬರುವುದಿಲ್ಲ, ವ್ಯಾಪಾರವೂ ಉಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಊಟಕ್ಕೆ ಕೂತಾಗ ಅತ್ತೆ ಮಗನಿಗೆ ಗಂಜಿ ಬಡಿಸುತ್ತ ಕೇಳಿದರು, “ಅಟ್ಟದಲ್ಲಿ ಎಂತ ಉಂಟು ಮಗ?”

“ಮಳೆಗಾಲದ ಲಾಭ ಉಂಟು ಅಮ್ಮ.”

“ಹಾಗಾದ್ರೆ ನಾಳೆ ಬಲೆ ಬಿದ್ರೆ ಆ ಲಾಭವನ್ನೇ ಕರ್ಕೊಂಡು ಹೋಗು. ಮೀನು ಕೊಡ್ತಾರಾ ನೋಡುವ.”

ಇವರು ಗಂಜಿ ಮುಗಿಸಿ ಎದ್ದರು. ಮರುದಿನ ಅರ್ಧ ಸರಕು ಇಳಿಸಲು ಒಪ್ಪಿದರು, ಆದರೆ ಮಾರಲು ತಾನು ಹೋಗುವುದಿಲ್ಲ ಎಂದರು. ಮರ್ಯಾದೆಯ ಪ್ರಶ್ನೆಯಂತೆ. ಸರಿ, ನಾನೂ ಅತ್ತೆಯೂ ಬುಟ್ಟಿ ಹೊತ್ತು ಬೆಳ್ಮಣ್ ಬಸ್ಸಿಗೆ ನಿಂತೆವು. ಬುಟ್ಟಿ ಕಂಡ ಕಂಡಕ್ಟರ್, “ಮೇಲೆ ಹಾಕಿ ಅಕ್ಕ. ಒಳಗೆ ಇಟ್ರೆ ವಾಸನೆಗೆ ಅರ್ಧ ದಾರಿ, ಶಿರ್ವದಲ್ಲೇ ಬಸ್ಸು ಖಾಲಿ,” ಅಂದ.

ಬೆಳ್ಮಣ್ಣಿನ ಅಂಗಡಿಯವರು ಒಳ್ಳೆಯ ರೇಟನ್ನೇ ಹೇಳಿದರು, ಹಣ ಮಾತ್ರ ಸುಗ್ಗಿ ಕೊಯ್ಲು ಮುಗಿದ ಮೇಲೆ. ಅತ್ತೆ ನನ್ನ ಮುಖ ನೋಡಿದರು.

“ಕೊಯ್ಲು ಮುಗಿಯುವವರೆಗೆ ಬಂಗುಡೆ ಕಾಯ್ತದಾ ಮಾರಾಯ್ರೆ?” ಎಂದೆ. “ರೇಟು ಸ್ವಲ್ಪ ಇಳಿಸಿ, ಹಣ ಈಗಲೇ ಕೊಡಿ.”

ಕೊಟ್ಟರು. ಲಾಭ ತೀರಾ ಸಣ್ಣದು. ಮನೆಗೆ ಬಂದಾಗ ಇವರ ಮುಖ ಹುಣಸೆಹುಳಿ.

ಅದೇ ವಾರ ಮತ್ತೆ ಬಲೆ ತುಂಬಿತು. ಈ ಸಲ ಎಲ್ಲರಿಗಿಂತ ಮೊದಲು ದಡಕ್ಕೆ ಓಡಿದ್ದು ಇವರೇ. ಸಂಜೆಯೊಳಗೆ ಹೆಂಗಸರೆಲ್ಲ ನಮ್ಮ ಅಂಗಳದಲ್ಲಿ ಕೂತು ಮೀನು ಸೀಳುತ್ತಿದ್ದರು. ಒಣಗಿದ್ದನ್ನು ಮಾರಿದೆವು, ಆ ಹಣದಿಂದ ಮತ್ತೆ ಕೊಂಡೆವು. ಋತುವಿಡೀ ಅದೇ ಹಣ ಬೆಳ್ಮಣ್ಣಿಗೆ ಹೋಗಿ ಬಂದು ಮಾಡಿತು. ಬಂದಾಗಲೆಲ್ಲ ಸ್ವಲ್ಪ ದಪ್ಪವಾಗಿ ಬಂತು.

ಅಟ್ಟದಲ್ಲಿ ಉಳಿದದ್ದಕ್ಕೆ ಮಳೆಗಾಲದಲ್ಲಿ ಬೆಲೆ ಬಂತು, ಸುಳ್ಳು ಹೇಳುವುದಿಲ್ಲ. ಆದರೆ ಒಂದಷ್ಟು ಬೂಸ್ಟು ಹಿಡಿದು ಹೋಯಿತು. ಕೊನೆಗೆ ನೋಡಿದರೆ, ಅಲ್ಲಾಡದೆ ಕೂತ ಹಣಕ್ಕಿಂತ ಓಡಾಡಿದ ಹಣವೇ ಹೆಚ್ಚು ದುಡಿದಿತ್ತು. ಮುಂದಿನ ವರ್ಷ ಎಷ್ಟು ಅಟ್ಟಕ್ಕೆ, ಎಷ್ಟು ಸಂತೆಗೆ ಎಂದು ಇವರು ಮೊದಲು ಕೇಳಿದ್ದು ಅತ್ತೆಯನ್ನು, ಆಮೇಲೆ ನನ್ನನ್ನು. ನನಗೆ ಅಷ್ಟು ಸಾಕಾಗಿತ್ತು.

ನಿಮ್ಮ ಮನೆಯಲ್ಲಿ ಹಣ ಎಲ್ಲಿ ಸಿಕ್ಕಿಬಿದ್ದಿತ್ತು? ಹಂಚಿನಲ್ಲೋ, ಅಕ್ಕಿಯಲ್ಲೋ, ಬಟ್ಟೆಯ ಗಂಟಿನಲ್ಲೋ? ಬಿಡಿಸಿದವರು ಯಾರು? ಕೆಳಗೆ ಬರೆಯಿರಿ, ಓದುತ್ತೇನೆ.