ಫ್ಯೂಸಿನ ಜಾಗಕ್ಕೆ ತಂತಿ ಹಾಕದ ಮಾಳಮ್ಮ

ಕಮಲಾಪುರದ ಬಸ್ ನಿಲ್ದಾಣದ ಎದುರು ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಕಪನೂರಿನ ದಾಲ್ ಮಿಲ್ಲುಗಳಿಗೆ ಕೆಲಸಕ್ಕೆ ಹೊರಟ ಹೆಂಗಸರು ಬುತ್ತಿ ಚೀಲ ತೊಡೆಯ ಮೇಲಿಟ್ಟುಕೊಂಡು ಮೂರು ಗಾಲಿಯ ಟಂಟಂನಲ್ಲಿ ಒತ್ತಾಗಿ ಕೂತಿದ್ದಾರೆ. ಗಾಡಿ ಮಾತ್ರ ಕದಲುತ್ತಿಲ್ಲ. ಚಾಲಕ ಯಶವಂತ ಚಾವಿ ತಿರುಗಿಸಿದಾಗಲೆಲ್ಲ ‘ಟಿಕ್’ ಎಂಬ ಒಂದೇ ಸದ್ದು.

“ಬ್ಯಾಟರಿ ಹೋಗ್ಯದ ಕಾಣ್ತದ ಅಕ್ಕಾ. ಹೊಸಾದು ತರ್ಲೇನು?”

“ಬ್ಯಾಟರಿ ಏನ್ ಮಾಡ್ಯದೋ ತಮ್ಮಾ ನಿನಗ? ಮೊದಲ ಲೈಟ್ ಹಚ್ಚು. ಹಾಂ, ಈಗ ಸೆಲ್ಫ್ ಹೊಡಿ.”

ಸೆಲ್ಫ್ ಹೊಡೆದ ಕೂಡಲೇ ದೀಪ ಮಂಕಾಗುತ್ತದೆ. ಸೀರೆಯ ಮೇಲೆ ಗಂಡಸರ ಅಂಗಿ ತೊಟ್ಟ ಮಾಳಮ್ಮ ನೆಲಕ್ಕೆ ಕೂತು ಬ್ಯಾಟರಿಗೆ ವೋಲ್ಟ್ ಅಳೆಯುವ ಮೀಟರು ಹಚ್ಚುತ್ತಾರೆ. ಬ್ಯಾಟರಿಯಲ್ಲಿ ಶಕ್ತಿ ಇದೆ. ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ತುದಿ ಎಂಜಿನ್ನಿನ ಮೈಗೆ. “ಇನ್ನೊಮ್ಮೆ ಹೊಡಿ” ಅನ್ನುತ್ತಾರೆ. ಸೊನ್ನೆಯ ಹತ್ತಿರವೇ ಇರಬೇಕಾದ ಅಂಕಿ ಮೇಲಕ್ಕೆ ಜಿಗಿಯುತ್ತದೆ. ಅಂದರೆ ಕರೆಂಟು ಮರಳುವ ದಾರಿಯಲ್ಲೇ ತಡೆ. ಎಂಜಿನ್ನಿನಿಂದ ಬ್ಯಾಟರಿಗೆ ಮರಳುವ ದಪ್ಪ ವೈರಿನ ಬೋಲ್ಟು ತುಕ್ಕು ಹಿಡಿದಿದೆ. ಅದನ್ನು ಬಿಚ್ಚಿ, ವೈರಿನ ತುದಿಯನ್ನು ಮರಳು ಕಾಗದದಿಂದ ತಾಮ್ರ ಹೊಳೆಯುವವರೆಗೂ ಉಜ್ಜಿ, ಬಿಗಿದು ಕೂರಿಸುತ್ತಾರೆ. ಚಾವಿ ತಿರುಗಿದ ಕೂಡಲೇ ಎಂಜಿನ್ ಗುಡುಗುತ್ತದೆ. ಒಳಗಿನ ಹೆಂಗಸರು “ನಡೀ ನಡೀ, ಹೊತ್ತಾಯ್ತು” ಎಂದು ಯಶವಂತನನ್ನು ಗದರಿಸುತ್ತಾರೆ.

ನಲವತ್ತು ದಾಟಿದ ಮಾಳಮ್ಮ ಹತ್ತಿರದ ಮಹಾಗಾಂವದವರು. ಟಂಟಂ, ಗೂಡ್ಸ್ ಆಟೊ, ಬೈಕು ಯಾವುದೇ ಇರಲಿ, ಚಾಲು ಆಗದೆ ಮೊಂಡು ಹಿಡಿದರೆ ವೈರಿಂಗಿನಲ್ಲಿ ದೋಷ ಎಲ್ಲಿದೆ ಎಂದು ಹುಡುಕುವುದು ಅವರ ಕಸುಬು. ರಸ್ತೆ ಬದಿಯ ತಗಡಿನ ಚಪ್ಪರವೇ ಅಂಗಡಿ. ಇದಿರಿಗೆ, ರಸ್ತೆಯ ಆಚೆ, ಚಂದ್ರಾಮಪ್ಪನವರ ದೊಡ್ಡ ಗ್ಯಾರೇಜು. ಕೆಲ ವರ್ಷಗಳ ಹಿಂದಿನವರೆಗೂ ಮಾಳಮ್ಮ ಕೂರುತ್ತಿದ್ದುದು ಅದರ ಮೂಲೆಯಲ್ಲೇ.

ಈ ಕಸುಬಿಗೆ ಅವರು ಬಂದದ್ದು ಒಂದು ಬೆಂಕಿಯಿಂದ. ಗಂಡ ದೇವೀಂದ್ರಪ್ಪ ಗೂಡ್ಸ್ ಆಟೊದಲ್ಲಿ ಕಲಬುರಗಿ ಮಾರುಕಟ್ಟೆಗೆ ತರಕಾರಿ ಒಯ್ಯುತ್ತಿದ್ದರು. ಗಾಡಿಯ ಫ್ಯೂಸು ಪದೇ ಪದೇ ಸುಟ್ಟು, ನಡುದಾರಿಯಲ್ಲಿ ಎಂಜಿನ್ ನಿಲ್ಲುತ್ತಿತ್ತು. ಒಬ್ಬ ಮೆಕ್ಯಾನಿಕ್ ಫ್ಯೂಸು ಕಿತ್ತು ಅಲ್ಲಿ ತಾಮ್ರದ ತಂತಿ ಮಡಚಿ ತುರುಕಿದ.

“ಇನ್ನ ಸುಡಂಗಿಲ್ಲ ಅಂದನ್ರಿ ಅಂವ. ಖರೇನೇ ಅಂದ. ಫ್ಯೂಸ್ ಸುಡಲಿಲ್ಲ, ಗಾಡಿ ಸುಟ್ಟು ಹೋತು,” ಎನ್ನುತ್ತಾರೆ ಮಾಳಮ್ಮ.

ಉರಿಯುವ ಗಾಡಿಯ ಬ್ಯಾಟರಿ ವೈರು ಕೀಳಲು ಹೋದ ದೇವೀಂದ್ರಪ್ಪನವರ ಬಲಗೈ ಬೆಂದುಹೋಯಿತು. ಬೆರಳುಗಳು ಇವತ್ತಿಗೂ ಮಡಚುವುದಿಲ್ಲ. ಈಗ ಅವರು ಕಪನೂರಿನ ಒಂದು ಶೆಡ್ಡಿನಲ್ಲಿ ಕಾವಲುಗಾರ. ಮಾಳಮ್ಮ ಆ ಮೆಕ್ಯಾನಿಕ್‌ನನ್ನು ಹುಡುಕಿಕೊಂಡು ಹೋಗಿ, ಹೀಗೇಕಾಯಿತು ಎಂದು ಕೇಳಿದರು.

“‘ವೈರಿಂಗ್ ಮಾತು ಹೆಣ್ಮಕ್ಕಳಿಗೇನ್ ತಿಳಿತದ’ ಅಂದ. ‘ತಿಳಿಯಂಗಿಲ್ಲ ಅಂದ್ರ ತಿಳ್ಕೊಂಡು ಬರ್ತೀನಿ, ಇಲ್ಲೇ ಇರು’ ಅಂತ ಹೇಳಿ ಬಂದೆ.”

ಕಲಬುರಗಿಯ ಆಸ್ಪತ್ರೆಯಲ್ಲಿ ಗಂಡನ ಪಕ್ಕದ ಮಂಚದ ರೋಗಿಯನ್ನು ನೋಡಿಕೊಳ್ಳುತ್ತಿದ್ದವರು ದಿಲ್ಶಾದ್ ಬೇಗಂ. ಸುಟ್ಟುಹೋದ ಸ್ಟಾರ್ಟರ್ ಮೋಟರುಗಳಿಗೆ ಮನೆಯಲ್ಲೇ ಹೊಸ ತಂತಿ ಸುತ್ತಿಕೊಡುವ ಕೆಲಸ ಅವರದು. ಅದನ್ನು ಕೇಳಿದ್ದೇ ತಡ, ಮಾಳಮ್ಮ ಬೆನ್ನು ಬಿಡಲಿಲ್ಲ. ಗಂಡ ಮನೆಗೆ ಬಂದ ಮೇಲೂ ದಿನಾ ಬಸ್ಸು ಹತ್ತಿ ಅವರ ಮನೆಗೆ ಹೋದರು. ಮೊದಮೊದಲು ಸುತ್ತಿದ ತಂತಿಯನ್ನೆಲ್ಲ ದಿಲ್ಶಾದ್ ಬೇಗಂ ಬಿಚ್ಚಿಸಿದರು.

“ಮೂಗಿನ ಮ್ಯಾಲೇ ಸಿಟ್ಟು ಆಕಿಗೆ,” ಎಂದು ದಿಲ್ಶಾದ್ ಬೇಗಂ ನಗುತ್ತಾರೆ. “ನಾನೂ ಹೇಳ್ದೆ, ದೇಖೋ ಮಾಳಮ್ಮ, ಸಿಟ್ಟು ಇರ್ಲಿ, ಕೈ ಮಾತ್ರ ತಣ್ಣಗಿರ್ಬೇಕು. ಕರೆಂಟು ಬರೋ ದಾರಿ ಎಲ್ಲರೂ ನೋಡ್ತಾರ, ವಾಪಸ್ ಹೋಗೋ ದಾರಿನೂ ನೋಡು.”

ಕಲಿತು ಬಂದವರಿಗೆ ಚಂದ್ರಾಮಪ್ಪ ಮೂಲೆಯೊಂದನ್ನು ಕೊಟ್ಟರು. ಕೆಲಸ ಚೆನ್ನಾಗಿಯೇ ನಡೆಯಿತು, ಶಾಲೆಯ ಮಕ್ಕಳನ್ನು ಸಾಗಿಸುವ ಒಂದು ಟಂಟಂ ಬರುವವರೆಗೆ. ಅದರದ್ದೂ ಅದೇ ಕತೆ. ಹೊಸ ಫ್ಯೂಸು ಹಾಕಿದರೆ ಚಾಲು ಆಗುತ್ತದೆ, ಗುಂಡಿಯಲ್ಲಿ ಇಳಿದು ಹತ್ತಿದರೆ ಸುಟ್ಟು ನಿಲ್ಲುತ್ತದೆ. ಶಾಲೆ ಬಿಡುವ ಹೊತ್ತು ಹತ್ತಿರವಾಗಿತ್ತು. ಮಾಲೀಕನಿಗೆ ಅವಸರ.

“ತಂತಿ ಹಾಕಿ ಕಳಸು, ನಾಳಿ ನೋಡೋಣು ಅಂದ. ಹಾಕಂಗಿಲ್ಲ ಅಂದೆ. ಹಂಗಾರ ಚಾವಿ ಕೊಡು, ಬ್ಯಾರೆ ಕಡಿ ಹಾಕಸ್ತೀನಿ ಅಂದ. ಚಾವಿನೂ ಕೊಡಂಗಿಲ್ಲ ಅಂದೆ.”

ಮಾಲೀಕ ಬೈದ. ಜನ ಸೇರಿದರು. ಚಂದ್ರಾಮಪ್ಪ ಬಂದು, “ಗಿರಾಕಿ ಚಾವಿ ಇಟ್ಕೋಳಾಕ ನೀ ಯಾರಬೇ?” ಎಂದು ಕೂಗಾಡಿದರು. ಮಾಳಮ್ಮ ಚಾವಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು.

“ಪೊಲೀಸ್ರನ್ನ ಕರೀರಿ ಅಂದೆ. ಅವ್ರ ಮುಂದೇ ಕೇಳ್ತೀನಿ, ಮಕ್ಕಳು ಕೂಡೋ ಗಾಡಿಗೆ ಈ ತಂತಿ ಹಾಕಬಹುದೇನ್ರಿ ಅಂತ.  ನಮ್ಮನಿಯವ್ರ ಸುಟ್ಟ ಕೈ ವಾಸನಿ ಇನ್ನೂ ಮೂಗಿನಾಗ ಅದರಿ.”

ಮಕ್ಕಳನ್ನು ಕರೆತರಲು ಬೇರೆ ಗಾಡಿ ಹೋಯಿತು. ಮಾಳಮ್ಮ ಸೀಟು ಬಿಚ್ಚಿ ವೈರುಗಳನ್ನು ಒಂದೊಂದಾಗಿ ಬೆರಳಲ್ಲಿ ಸವರುತ್ತ ಹೋದರು. ಹಿಂದಿನ ಸೀಟಿನ ಕಬ್ಬಿಣದ ಪಟ್ಟಿಯ ಕೆಳಗೆ ಒಂದು ವೈರಿನ ಮೇಲ್ಪದರ ಉಜ್ಜಿ ಹರಿದಿತ್ತು. ಗಾಡಿ ಕುಲುಕಿದಾಗ ತಾಮ್ರ ಕಬ್ಬಿಣಕ್ಕೆ ತಾಗುತ್ತಿತ್ತು. ಅದನ್ನು ಬದಲಿಸಿ, ಹೊಸ ಫ್ಯೂಸು ಹಾಕಿ, ಆಮೇಲೆಯೇ ಗಂಟು ಬಿಚ್ಚಿ ಚಾವಿ ಕೊಟ್ಟರು. ಮಾಲೀಕ ಗಾಡಿ ಚಾಲು ಮಾಡಿಕೊಂಡು ಹೊರಟುಹೋದ. ಮರುದಿನ ಮಾಳಮ್ಮ ಬಂದಾಗ ಅವರ ಸಾಮಾನಿನ ಪೆಟ್ಟಿಗೆ ಗ್ಯಾರೇಜಿನ ಹೊರಗಿತ್ತು.

ಚಂದ್ರಾಮಪ್ಪನವರನ್ನು ಕೇಳಿದರೆ ಅವರೂ ಮುಚ್ಚಿಡುವುದಿಲ್ಲ. “ಆಕಿ ಕೆಲಸಕ್ಕ ಹೆಸರಿಡಂಗಿಲ್ರಿ. ಆದ್ರ ಗಿರಾಕಿ ಮಾತು ಕೇಳ್ದಿದ್ರ ಧಂದೆ ಹ್ಯಾಂಗ ನಡೀತದ?”

ಪೆಟ್ಟಿಗೆ ಎತ್ತಿಕೊಂಡ ಮಾಳಮ್ಮ ಊರಿಗೆ ಹೋಗಲಿಲ್ಲ. ಇದಿರು ಬದಿಗೆ ಬಂದು ಗೋಣಿ ಹಾಸಿದರು. ತಿಂಗಳುಗಟ್ಟಲೆ ಗಿರಾಕಿಗಳಿಲ್ಲ. ಬಿಸಿಲಲ್ಲಿ ಸುಮ್ಮನೆ ಕೂತವರನ್ನು ನೋಡಿ ಕೆಲವರು ನಕ್ಕರು. ಮೊದಲು ಬಂದವಳು ಸುನಂದಾ ಎಂಬ ಅಂಗನವಾಡಿ ಕಾರ್ಯಕರ್ತೆ, ಚಾಲು ಆಗದ ಸ್ಕೂಟಿ ತಳ್ಳಿಕೊಂಡು. ಅವಳ ಮಗಳು ಆ ಟಂಟಂನಲ್ಲೇ ಶಾಲೆಗೆ ಹೋಗುತ್ತಿದ್ದಳು. ಆಮೇಲೆ ಒಬ್ಬೊಬ್ಬರೇ ಬಂದರು. ಈಗಲೂ ತಂತಿ ಬೇಕೆನ್ನುವವರು ರಸ್ತೆಯಾಚೆಯ ಗ್ಯಾರೇಜಿಗೇ ಹೋಗುತ್ತಾರೆ, ಮಾಳಮ್ಮ ಅವರನ್ನು ಕರೆಯುವುದಿಲ್ಲ. ಹೋಗುವವರಿಗೆ ಕೇಳುವಂತೆ ಬೈಯುವುದನ್ನೂ ಬಿಟ್ಟಿಲ್ಲ.

ಮಳೆಗಾಲದಲ್ಲಿ ಕೆಸರಿನಲ್ಲಿ ಮಲಗಿ ಗಾಡಿಯ ಕೆಳಗೆ ನುಸುಳಬೇಕಾಗುತ್ತದೆ, ನೆಲಕ್ಕಷ್ಟು ಕಾಂಕ್ರೀಟು ಹಾಕಿಸಬೇಕು ಅನ್ನುವುದು ಅವರ ಆಸೆ. ಹೊರಡುವ ಮುನ್ನ, ಈ ಲೇಖನಕ್ಕೆಂದು ಬರೆದುಕೊಂಡದ್ದನ್ನು ಒಮ್ಮೆ ಅವರಿಗೆ ಓದಿ ಹೇಳುತ್ತೇನೆ. ‘ಗ್ಯಾರೇಜಿನಿಂದ ಹೊರಹಾಕಿದ ಮೇಲೆ’ ಎಂಬಲ್ಲಿ ಮಾಳಮ್ಮ ಕೈ ಎತ್ತಿ ತಡೆಯುತ್ತಾರೆ.

“ಅದನ್ನ ಹೊಡದ್ ಹಾಕ್ರಿ ಸರ್. ಪೆಟ್ಟಿಗಿ ಅವ್ರು ಹೊರಗಿಟ್ರು, ಅಷ್ಟೇ. ರೋಡ್ ದಾಟಿ ಬಂದಾಕಿ ನಾನು. ಹಂಗಂತ ಬರೀರಿ.”