ಅರ್ಧ ಸಕ್ಕರೆಯ ಬಾಟಲಿ

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಭಟ್ಕಳದ ನಮ್ಮ ಮನೆಯಲ್ಲಿ ಇದು ಎಲ್ಲರಿಗೂ ಗೊತ್ತಿತ್ತು. ಮದುವೆಯಾಗಿ ದುಬೈಗೆ ಬಂದ ಮೇಲೆ ಅಲ್ ಕುಸೈಸಿನ ನಮ್ಮ ಕಟ್ಟಡದ ನಾಲ್ಕನೇ ಮಹಡಿಗೂ ಗೊತ್ತಾಯಿತು. ಜಲಜಕ್ಕನ ಬಗ್ಗೆ ಹೇಳಹೊರಟರೆ ಆ ಸಿಟ್ಟನ್ನು ಬಿಟ್ಟು ಹೇಳಲು ಬರುವುದಿಲ್ಲ. ಅದಕ್ಕೇ ಮೊದಲೇ ಒಪ್ಪಿಕೊಳ್ಳುತ್ತಿದ್ದೇನೆ.

ಜಲಜಾಕ್ಷಿ ನಮ್ಮ ಎದುರು ಫ್ಲಾಟಿನವರು. ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವರು. ಊರು ಉಡುಪಿಯ ಹತ್ತಿರ ಕಾಪು. ಗಂಡ ಸೇಸಪ್ಪ ಒಂದು ಗೋದಾಮಿನಲ್ಲಿ ಸ್ಟೋರ್ ಕೀಪರ್. ಮಕ್ಕಳಿರಲಿಲ್ಲ. ಅವರ ಮನೆಮಾತು ತುಳು, ನಮ್ಮದು ನವಾಯತಿ. ಇಬ್ಬರ ನಡುವೆ ಇದ್ದದ್ದು ಕನ್ನಡ. ನಾನು ಏಳನೇ ಕ್ಲಾಸಿನವರೆಗೆ ಕನ್ನಡ ಶಾಲೆಯಲ್ಲಿ ಕಲಿತವಳು. ನನ್ನ ಮಕ್ಕಳು ಝೈನಬ್, ಅಯ್ಮನ್ ಹಾಗಲ್ಲ. ಕನ್ನಡದಲ್ಲಿ ಹೇಳಿದ್ದು ತಿಳಿಯುತ್ತಿತ್ತು, ಉತ್ತರ ಇಂಗ್ಲಿಷ್ ಬೆರೆಸಿ ಕೊಡುತ್ತಿದ್ದರು, ಓದಲು ಒಂದಕ್ಷರ ಬಾರದು. ಕಲಿಸಿ ಎಂದು ಜಲಜಕ್ಕ ನೂರು ಸಲ ಹೇಳಿದ್ದರು. ಎಲ್ಲಿಯ ಪುರುಸೊತ್ತು ಎಂದು ನಾನು ನೂರು ಸಲ ಹೇಳಿದ್ದೆ.

ಜಲಜಕ್ಕ ಕೆಲಸ ಮಾಡುತ್ತಿದ್ದದ್ದು ಪುಟ್ಟ ಮಕ್ಕಳ ನರ್ಸರಿಯೊಂದರಲ್ಲಿ, ಸಹಾಯಕಿಯಾಗಿ. ಅಲ್ಲಿ ಗುನಿಲ್ಲಾ ಎಂಬ ಸ್ವೀಡನ್ನಿನ ಟೀಚರಮ್ಮ ಇದ್ದರಂತೆ. ಅವರ ದೇಶದಲ್ಲಿ ಬೇಸಿಗೆ ಬಂತೆಂದರೆ ಮನೆಮನೆಯಲ್ಲೂ ಬೆರಿ ಹಣ್ಣಿನ ಶರಬತ್ತು ಕಾಯಿಸಿ, ಬಾಟಲಿ ತುಂಬಿ, ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರಂತೆ. ‘ಸಾಫ್ತ್’ ಎನ್ನುತ್ತಾರಂತೆ ಅದಕ್ಕೆ. ಒಂದು ಪಾಲು ಸಾಫ್ತಿಗೆ ಐದು ಪಾಲು ನೀರು ಬೆರೆಸಿ ಕುಡಿಯುವುದು. 2012ರಲ್ಲಿ ಟೀಚರಮ್ಮ ನಿವೃತ್ತಿಯಾಗಿ ಹೋಗುವಾಗ ಅದನ್ನು ಮಾಡುವ ಪಾತ್ರೆಯನ್ನೇ ಜಲಜಕ್ಕನ ಕೈಗೆ ಕೊಟ್ಟು ಹೋದರು.

ಆ ಪಾತ್ರೆಯನ್ನು ನೋಡಿ ನಾನು ನಕ್ಕದ್ದೇ ನಕ್ಕದ್ದು. ಮೂರು ಅಂತಸ್ತು. ಕೆಳಗೆ ನೀರು ಕುದಿಯಬೇಕು, ಮೇಲಿನ ತೂತುಪಾತ್ರೆಯಲ್ಲಿ ಹಣ್ಣು ಹಬೆಯಲ್ಲಿ ಬೇಯಬೇಕು, ರಸ ನಡುವಿನದಕ್ಕೆ ಇಳಿಯಬೇಕು. ಅಲ್ಲಿಂದ ಹೊರಗೆ ಒಂದು ರಬ್ಬರ್ ಪೈಪು, ಅದಕ್ಕೊಂದು ಕ್ಲಿಪ್ಪು.

"ಇದೆಂಥದು ಜಲಜಕ್ಕ, ಆಸ್ಪತ್ರೆಯಿಂದ ತಂದದ್ದಾ?" ಎಂದೆ.

"ನಗಾಡ್ಬೇಡಿ ಮಾರಾಯ್ತಿ. ಇಡ್ಲಿ ಬೇಯಿಸುವ ತೊಂದುರಿಗೂ ಇದಕ್ಕೂ ಎಂತ ವ್ಯತ್ಯಾಸ ಉಂಟು? ಒಂದು ಪೈಪ್ ಹೆಚ್ಚು, ಅಷ್ಟೇ."

ಅವತ್ತಿನಿಂದ ಅದರ ಹೆಸರು ತೊಂದುರು ಎಂದೇ ಆಯಿತು. ಶುಕ್ರವಾರ ರಜೆ. ನಮ್ಮವರು ಜುಮಾ ನಮಾಜಿಗೆ ಹೊರಟರೆ ನಾನು ಎದುರು ಮನೆಯ ಅಡುಗೆಕೋಣೆಗೆ. ಸೂಪರ್ ಮಾರ್ಕೆಟಿನ ಫ್ರೀಜರಿನಿಂದ ತಂದ ಬೆರಿಗಳ ಚೀಲ ಕತ್ತರಿಸಿ ಸುರಿಯುವುದು ನನ್ನ ಕೆಲಸ. ನಮ್ಮ ಕವಳಿ ಹಣ್ಣಿಗಿಂತ ಸಣ್ಣವು, ಕಪ್ಪಗೆ, ಕಲ್ಲಿನ ಹಾಗೆ ಗಟ್ಟಿಯಾಗಿರುತ್ತಿದ್ದವು. ಅರ್ಧ ಗಂಟೆಯಾದ ಮೇಲೆ ರಸ ತೊಟ್ಟಿಕ್ಕಲು ಶುರು. ನನಗೆ ತಾಳ್ಮೆ ಎಲ್ಲಿಂದ ಬರಬೇಕು? ಸೌಟು ತೆಗೆದುಕೊಂಡು ಹಣ್ಣನ್ನು ಒತ್ತಿಬಿಡುತ್ತಿದ್ದೆ.

"ಅಯ್ಯೋ, ಒತ್ತಲಿಕ್ಕಿಲ್ಲ! ಒತ್ತಿದ್ರೆ ರಸ ಕದಡಿ ಹೋಗ್ತದೆ. ತನ್ನಷ್ಟಕ್ಕೆ ಇಳೀಬೇಕು ಅದು. ನಿಮಗೆ ಹಣ್ಣಿನ ಮೇಲೂ ಸಿಟ್ಟಾ ರುಕಿಯಾ?"

ಬಿಸಿ ರಸಕ್ಕೆ ಸಕ್ಕರೆ ಕರಗಿಸಿ, ಬಿಸಿ ಬಾಟಲಿಗೆ ತುಂಬಿ, ಮುಚ್ಚಳದ ತಂತಿ ಬಿಗಿಯುತ್ತಿದ್ದರು. ಸಕ್ಕರೆ ಸುರಿಯುವುದನ್ನು ನೋಡಿದರೆ ಎದೆ ಧಸಕ್ಕೆನ್ನುತ್ತಿತ್ತು. "ಸಕ್ಕರೆಯೇ ಇದಕ್ಕೆ ಕಾವಲು. ಕಡಿಮೆ ಮಾಡಿದ್ರೆ ಫ್ರಿಜ್ಜಲ್ಲೇ ಇಡ್ಬೇಕು. ಇಲ್ಲದಿದ್ರೆ ಹುಳಿ ಬಂದು ಉಕ್ಕಿ ಹೋಗ್ತದೆ," ಎನ್ನುತ್ತಿದ್ದರು. ತನ್ನ ತಾಯಿ ಪುನರ್ಪುಳಿಯ ಸಿಪ್ಪೆಗೆ ಸಕ್ಕರೆ ತುಂಬಿ ಬಿಸಿಲಿಗಿಡುತ್ತಿದ್ದದ್ದೂ ಇದೇ ವಿದ್ಯೆ ಎಂದು ಅವರ ವಾದ. ಅದೇ ಹಣ್ಣಿಗೆ ನಮ್ಮ ಊರಿನಲ್ಲಿ ಬೇರೆ ಹೆಸರು; ಅದು ಪುನರ್ಪುಳಿಯಲ್ಲ, ಮುರುಗಲು ಎಂದು ನನ್ನ ವಾದ. ಆ ಜಗಳಕ್ಕೆ ಕೊನೆಯೇ ಇರಲಿಲ್ಲ.

ಆ ಶರಬತ್ತು ಜಲಜಕ್ಕನ ಸ್ವಂತದ್ದು. ವೀಸಾ ಗಂಡನದು, ಫ್ಲಾಟು ಕಂಪನಿಯದು, ನರ್ಸರಿಯ ಮಕ್ಕಳು ಯಾರದೋ. ಬಾಟಲಿಯ ಕುತ್ತಿಗೆಗೆ ಕೆಂಪು ದಾರದಲ್ಲಿ ಚೀಟಿ ಕಟ್ಟಿ, ಚೀಟಿಯ ಮೇಲೆ ಪುಟ್ಟ ಬೆರಿಯ ಚಿತ್ರ ಬರೆದು, ಹಿಂದೆ ತಾರೀಕು ಹಾಕಿ ಕೊಡುವಾಗ ಆ ಮುಖ ನೋಡಬೇಕಿತ್ತು. ನಮ್ಮ ಮನೆಗೆ ಒಂದು, ಮೇಲಿನ ಮಹಡಿಯ ಪಾತುಮ್ಮನಿಗೆ ಒಂದು ತಪ್ಪುತ್ತಿರಲಿಲ್ಲ. ನನ್ನ ಗಂಡ ಅತಾಉರ್ರಹ್ಮಾನ್ ಅದಕ್ಕೆ ಮರುಳಾಗಿದ್ದರು. ರಾಸ್ ಅಲ್ ಖೋರಿನ ಬಿಡಿಭಾಗಗಳ ಅಂಗಡಿ ಮುಚ್ಚಿ ಬಂದವರು ಚಹಾ ಬೇಡ, ಜಲಜಕ್ಕನ ಶರಬತ್ತು ಕೊಡು ಎನ್ನುತ್ತಿದ್ದರು. 2013ರ ಕೊನೆಗೆ ಅವರಿಗೆ ಸಕ್ಕರೆ ಕಾಯಿಲೆ ಎಂದು ಡಾಕ್ಟರು ಹೇಳಿದರು. ಅಲ್ಲಿಗೆ ಖಲಾಸ್. ಮಕ್ಕಳು ಕುಡಿಯುವಾಗ ಪಾಪ, ಗ್ಲಾಸನ್ನೇ ನೋಡುತ್ತಾ ಕೂರುತ್ತಿದ್ದರು. ಜಲಜಕ್ಕ ಅದನ್ನು ಒಮ್ಮೆ ಕಂಡರು.

2014ರ ರಮಜಾನ್ ಬಂದದ್ದು ಸುಡುಬೇಸಿಗೆಯಲ್ಲಿ. ಹನ್ನೊಂದು ವರ್ಷದ ಝೈನಬ್ ಮೊದಲ ಸಲ ಎಲ್ಲ ರೋಜಾ ಹಿಡಿಯುತ್ತೇನೆಂದು ಹಟ ತೊಟ್ಟಿದ್ದಳು. ಹನ್ನೆರಡನೇ ರೋಜಾದ ದಿನ ನಮ್ಮಲ್ಲಿ ಇಫ್ತಾರಿಗೆ ನೆಂಟರು: ಹಜ್ ಮಾಡಿ ಬಂದ ಹಿರಿಯರಾದ ನನ್ನ ಗಂಡನ ಅಣ್ಣ; ಜೊತೆಗೆ ಪಾತುಮ್ಮ, ಅವಳ ಗಂಡ ಮೊಯ್ದೀನ್. ಬಾಂಗು ಕೇಳಿತು. ಖರ್ಜೂರ ಬಾಯಿಗಿಟ್ಟೆವು. ಅಡುಗೆಕೋಣೆಯ ಕಪಾಟಿನಿಂದ ಝೈನಬ್ ಶರಬತ್ತಿನ ಬಾಟಲಿ ತಂದಳು. ಜಲಜಕ್ಕ ರಮಜಾನಿಗೆಂದು ಕಳಿಸಿದ ಹೊಸ ಬಾಟಲಿ. ನಾನು ತಂತಿ ಸಡಿಲಿಸಿದ್ದೇ ತಡ, ‘ಟಪ್’ ಎಂದು ಮುಚ್ಚಳ ಹಾರಿ ನೊರೆ ಉಕ್ಕಿತು. ಬಿಳಿ ಹಾಸಿನ ಮೇಲೆಲ್ಲ ಕೆಂಪು. ಜೊತೆಗೆ ವಾಸನೆ. ಊರಿನಲ್ಲಿ ಶೇಂದಿ ಅಂಗಡಿಯ ಮುಂದೆ ಮೂಗು ಮುಚ್ಚಿಕೊಂಡು ಓಡುತ್ತಿದ್ದೆವಲ್ಲ, ಅದೇ ವಾಸನೆ.

ಭಾವ ಕೈಯಲ್ಲಿದ್ದ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟರು. ನನ್ನ ಗಂಡ "ಬಿಡು, ಹೋಗಲಿ" ಎಂದು ಕಣ್ಣಿನಲ್ಲೇ ಹೇಳಿದರು. ನಾನು ಬಿಡುವವಳೇ? ಬಾಟಲಿ ಹಿಡಿದುಕೊಂಡು ಹೋಗಿ ಎದುರು ಬಾಗಿಲು ಬಡಿದೆ. ಹಿಂದೆ ಝೈನಬ್ ಓಡಿ ಬಂದಳು. ಗಲಾಟೆ ಕೇಳಿ ಪಾತುಮ್ಮನೂ ಹೊರಗೆ ಬಂದಳು, ಪಕ್ಕದ ಎರಡು ಮನೆಯ ಬಾಗಿಲೂ ತೆರೆದವು.

"ರೋಜಾದ ದಿನ ನಮ್ಮ ಮನೆಗೆ ಸಾರಾಯಿ ಕಳಿಸ್ತೀರಾ? ನಮ್ಮನ್ನು ಏನಂತ ತಿಳ್ಕೊಂಡಿದ್ದೀರಿ? ಹಲಾಲ್ ಹರಾಮ್ ಗೊತ್ತಿಲ್ಲದವರ ಕೈಯಿಂದ ಇಸ್ಕೊಂಡದ್ದು ನನ್ನದೇ ತಪ್ಪು!"

ಜಲಜಕ್ಕ ಬಾಟಲಿ ತೆಗೆದುಕೊಂಡರು. ಅದರ ಕುತ್ತಿಗೆಯಲ್ಲಿ ತುಂಡು ಕೆಂಪು ದಾರ ಮಾತ್ರ ಇತ್ತು. ಅದನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ಇದು ಎಲ್ಲಿತ್ತು ರುಕಿಯಾ?"

"ಎಲ್ಲಿರ್ಬೇಕು? ಯಾವಾಗ್ಲೂ ಇಡುವಲ್ಲೇ, ಕಪಾಟಿನಲ್ಲಿ!"

ಅವರು ನನ್ನ ಹೆಗಲಿನಾಚೆ ಝೈನಬಳನ್ನು ಒಮ್ಮೆ ನೋಡಿದರು. ಆಮೇಲೆ ತಲೆ ತಗ್ಗಿಸಿದರು. "ತಪ್ಪಾಯ್ತು. ನಂದೇ ತಪ್ಪು," ಎಂದರು. ಅಷ್ಟೇ.

ಮರುದಿನ ಪಾತುಮ್ಮ ತನ್ನ ಬಾಟಲಿಯನ್ನು ತೆರೆಯದೆ ವಾಪಸು ಕೊಟ್ಟಳಂತೆ. ಎದುರು ಮನೆಯಿಂದ ಶುಕ್ರವಾರದ ಬೆರಿಯ ಪರಿಮಳ ನಿಂತುಹೋಯಿತು. ಲಿಫ್ಟಿನಲ್ಲಿ ಸಿಕ್ಕಿದರೆ ಅವರು ನಗುತ್ತಿದ್ದರು, ನಾನು ಮೊಬೈಲು ನೋಡುತ್ತಿದ್ದೆ. ತಿಂಗಳು ಕಳೆದಾಗ ಸಿಟ್ಟು ಇಳಿದಿತ್ತು, ಸುಳ್ಳು ಯಾಕೆ ಹೇಳಲಿ? ಆದರೆ ಆ ಎಂಟು ಹೆಜ್ಜೆ ದಾಟಿ ಬಾಗಿಲು ತಟ್ಟಲು ನನ್ನ ಸೊಕ್ಕು ಬಿಡಲಿಲ್ಲ. 2016ರಲ್ಲಿ ಸೇಸಪ್ಪರ ಕೆಲಸ ಹೋಗಿ ಅವರು ಊರಿಗೆ ಹೊರಟರು. ಹೇಳಿ ಹೋಗಲು ಬಂದ ಜಲಜಕ್ಕನನ್ನು ನಾನು ಹೊಸ್ತಿಲಲ್ಲೇ ನಿಲ್ಲಿಸಿ, "ಆಯ್ತು, ಹೋಗಿ ಬನ್ನಿ" ಎಂದೆ. ಒಂದು ಲೋಟ ನೀರು ಬೇಕಾ ಎಂದು ಕೇಳಲಿಲ್ಲ. ಈಗ ನೆನೆದರೆ ನನ್ನ ಮುಖಕ್ಕೆ ನಾನೇ ಉಗಿಯಬೇಕು ಅನಿಸುತ್ತದೆ.

2018ರಲ್ಲಿ ನಾವು ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಗೆ ಮನೆ ಬದಲಿಸಿದೆವು. ಸಾಮಾನು ಕಟ್ಟುವಾಗ ಝೈನಬ್ ತನ್ನ ಹಳೆಯ ಚಿತ್ರದ ಪುಸ್ತಕ ಹಿಡಿದು ಬಂದಳು. ಅದರೊಳಗೆ ಒಂದು ಚೀಟಿ. ಒಂದು ಕಡೆ ಪುಟ್ಟ ಬೆರಿಯ ಚಿತ್ರ.

"ಮಮ್ಮಾ, ವಾಟ್ ಡಸ್ ಇಟ್ ಸೇ? ಜಲಜಾ ಆಂಟಿ ರಮಜಾನಿಗೆ ನನ್ನ ಕೈಗೆ ಬಾಟಲ್ ಕೊಟ್ಟಾಗ ಅದರಲ್ಲಿ ಇತ್ತು. ಡ್ರಾಯಿಂಗ್ ಕ್ಯೂಟ್ ಇತ್ತು ಅಂತ ಕಟ್ ಮಾಡಿ ಇಟ್ಕೊಂಡೆ."

ತಿರುಗಿಸಿದೆ. ಜಲಜಕ್ಕನ ದುಂಡು ಅಕ್ಷರ: ‘ಇದು ಅತಾ ಭಾಯಿಗೆ. ಸಕ್ಕರೆ ಅರ್ಧಕ್ಕಿಂತ ಕಡಿಮೆ ಹಾಕಿದ್ದೇನೆ, ಸ್ವಲ್ಪ ಕುಡಿಯಬಹುದು. ಹೊರಗೆ ಇಡಬೇಡಿ ರುಕಿಯಾ, ಫ್ರಿಜ್ಜಿನಲ್ಲೇ ಇಡಿ.’

ಬೈಯಲು ಬಾಯಿ ತೆರೆದೆ. ಯಾರಿಗೆ ಬೈಯಲಿ? ಓದಲು ಬಾರದ ಮಗುವಿಗೋ, ಕಲಿಸದ ನನಗೋ? ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಚೀಟಿಯನ್ನು ಗಂಡನಿಗೆ ಓದಿ ಹೇಳಿದೆ. ಅವರು ಚೀಟಿಯನ್ನು ಕೈಗೆ ತೆಗೆದುಕೊಂಡು, "ಒಂದು ಗುಟುಕೂ ಕುಡಿಯಲಿಲ್ಲವಲ್ಲ ನಾನು," ಎಂದರು.

ಮೂರು ಜನರನ್ನು ಕೇಳಿ ಕಾಪುವಿನ ನಂಬರು ಹುಡುಕಿದೆ. ನನ್ನ ಧ್ವನಿ ಕೇಳಿದ್ದೇ ಅತ್ತ ಕಡೆಯಿಂದ, "ಯಾರು, ರುಕಿಯಾನಾ? ಅತಾ ಭಾಯಿಯ ಶುಗರ್ ಹೇಗುಂಟು ಈಗ?"

ನಾನು ಎಲ್ಲವನ್ನೂ ಹೇಳಿದೆ. ಕ್ಷಮಿಸಿ ಜಲಜಕ್ಕ ಎಂದೆ. ಎಷ್ಟು ಸಲ ಅಂದೆನೋ.

"ಅಯ್ಯೋ, ಬಿಡಿ ಮಾರಾಯ್ತಿ. ಹಳೇ ಕಥೆ."

"ಚೀಟಿ ಬರೆದಿದ್ದೆ ಅಂತ ಅವತ್ತೇ ಒಂದು ಮಾತು ಹೇಳಬಾರದಿತ್ತಾ? ಎಲ್ಲರ ಎದುರು ನಿಮಗೆ ಹಾಗೆ ಬೈದೆನಲ್ಲ..."

"ಹೇಳ್ಬಹುದಿತ್ತು. ದಾರ ಕತ್ತರಿಸಿದ್ದು ನೋಡಿದ ಕೂಡ್ಲೇ ಗೊತ್ತಾಯ್ತು ನನಗೆ. ಮಗು ನಿಮ್ಮ ಹಿಂದೆಯೇ ನಿಂತಿತ್ತು. ಇಡೀ ದಿನ ನೀರು ಕುಡಿಯದ ಮಗು. ನಾನು ಬಾಯಿ ಬಿಟ್ಟಿದ್ರೆ ಆ ಸಿಟ್ಟೆಲ್ಲ ಅದರ ಮೇಲೆ ಹೋಗ್ತಿತ್ತು. ನಿಮ್ಮ ಸಿಟ್ಟು ನನಗೆ ಗೊತ್ತಿಲ್ವಾ?"

ಏನಾದರೂ ಮಾತಾಡಬೇಕಲ್ಲ ಎಂದು, "ಈಗ ಶರಬತ್ತು ಮಾಡ್ತೀರಾ? ಊರಿನಲ್ಲಿ ಪುನರ್ಪುಳಿಯಾದರೂ ಸಿಗ್ತದಲ್ಲ," ಎಂದೆ. ಮುರುಗಲು ಎನ್ನಲಿಲ್ಲ.

"ಇಲ್ಲ ರುಕಿಯಾ. ಅವತ್ತಿನ ಮೇಲೆ ಮತ್ತೆ ಮಾಡ್ಲಿಲ್ಲ. ಕೈ ಏಳುದಿಲ್ಲ," ಎಂದರು. "ತೊಂದುರು ಉಂಟು. ಪೈಪ್ ತೆಗೆದು ಬಿಸಾಡಿದೆ. ಇಡ್ಲಿ ಒಳ್ಳೆಯದಾಗ್ತದೆ ಅದರಲ್ಲಿ."