ಅಪ್ಪ ತಿದ್ದಿದ ಒಂಬತ್ತನೇ ಅಧ್ಯಾಯ

ನಮ್ಮಪ್ಪ ಮೂವತ್ತೆಂಟು ವರ್ಷ ಒಂದೇ ಪ್ರೆಸ್ಸಿನಲ್ಲಿ ಪ್ರೂಫ್ ನೋಡಿದವರು. ಕಡಿಮೆಯೆಂದರೂ ಆರುನೂರು ಪುಸ್ತಕ ಅವರ ಕಣ್ಣ ಕೆಳಗೆ ಹಾದುಹೋಗಿವೆ. ಅದರಲ್ಲಿ ಒಂದರ ಕತೆ ಹೇಳಿ ಎಂದರೆ ತಲೆ ಕೆರೆದುಕೊಳ್ಳುತ್ತಾರೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಎಂದು ನಾನು ರೇಗಿಸಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಅರ್ಥದ ಹಿಂದೆ ಹೋದರೆ ತಪ್ಪು ಕಣ್ಣಿಗೆ ಬೀಳುವುದಿಲ್ಲ ಎಂದು ಅವರಿಗೆ ಕೆಲಸ ಕಲಿಸಿದವರು ಹೇಳಿದ್ದರಂತೆ. ಅದಕ್ಕೇ ಪುಟದ ಕೊನೆಯ ಪದದಿಂದ ಶುರುಮಾಡಿ ಒಂದೊಂದೇ ಪದ ಮೇಲಕ್ಕೆ ಹತ್ತುತ್ತಿದ್ದರು. ನಾನು ಹಾಗಲ್ಲ. ವಾರಕ್ಕೆರಡು ಪುಸ್ತಕ ಮುಗಿಸುವವಳು, ಓದಿದ್ದೆಲ್ಲ ನಾಲಿಗೆಯ ತುದಿಯಲ್ಲಿದೆ ಎಂದು ಬೀಗುತ್ತಿದ್ದವಳು.

ಅಪ್ಪನ ಅಕ್ಕ, ಅಂದರೆ ನನ್ನ ಅತ್ತೆ, ನರ್ಸ್ ಕೆಲಸದಿಂದ ನಿವೃತ್ತರಾದ ಮೇಲೆ ತಮ್ಮ ಬದುಕಿನ ಕತೆ ಬರೆದರು. ಅಪ್ಪನ ಪ್ರೆಸ್ಸಿನಲ್ಲೇ ಅಚ್ಚಾಯಿತು, ಪ್ರೂಫ್ ಅಪ್ಪನೇ ನೋಡಿದರು. ಹುಡುಕಿದರೂ ಒಂದು ತಪ್ಪು ಸಿಗುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ನಾನೂ ಎರಡೇ ದಿನದಲ್ಲಿ ಓದಿ ಮುಗಿಸಿ, ಕಣ್ಣಲ್ಲಿ ನೀರು ಬಂತು ಅತ್ತೆ ಎಂದು ಹೇಳಿ ಬಂದೆ. ನೀರು ಬಂದದ್ದು ನಿಜವೇ. ಅಲ್ಲಿಂದಾಚೆ ಅತ್ತೆ ನಮ್ಮ ಮನೆಗೆ ಬರುವುದು ಕಡಿಮೆಯಾಯಿತು. ಬಂದರೂ ಅಪ್ಪನಿಗೆ ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಪುಸ್ತಕ ಬರೆದು ದೊಡ್ಡವರಾಗಿಬಿಟ್ಟರು ಎಂದು ನಾವು ಆಡಿಕೊಂಡೆವು.

ಹೀಗೇ ಹನ್ನೊಂದು ವರ್ಷ ಕಳೆಯಿತು. ಹೋದ ತಿಂಗಳು ಅತ್ತೆಗೆ ಎದೆಯ ಆಪರೇಷನ್ ನಿಗದಿಯಾಯಿತು. ಹಿಂದಿನ ದಿನ ಬೆಳಿಗ್ಗೆ ಆಸ್ಪತ್ರೆಯ ಕೋಣೆಯಲ್ಲಿ ಅಪ್ಪನನ್ನು ಹತ್ತಿರ ಕೂರಿಸಿಕೊಂಡರು.

"ಒಂಬತ್ತನೇ ಅಧ್ಯಾಯ ಓದಿದ್ಮೇಲೂ ನೀನೊಂದು ಮಾತು ಆಡ್ಲಿಲ್ಲ. ಬಯ್ದಿದ್ರೂ ಸಾಕಿತ್ತು ಕಣೋ. ನಾಳೆ ಏನಾಗುತ್ತೋ, ಕ್ಷಮಿಸಿದೀಯೋ ಇಲ್ವೋ ಹೇಳ್ಬಿಡು."

ಅಪ್ಪ ನನ್ನ ಮುಖ ನೋಡಿದರು. ನಾನು ಓದಿದವಳಲ್ಲವೇ! ಎಷ್ಟು ತಿಣುಕಿದರೂ ನನಗೆ ಹೊಳೆದದ್ದು ನೀಲಿ ರಟ್ಟು ಮತ್ತು ಅತ್ತೆ ಸಾಕಿದ್ದ ಒಂದು ಕುಂಟ ಬೆಕ್ಕು, ಅಷ್ಟೇ. ಕ್ಷಮಿಸಿದ್ದೇನೆ ಎಂದು ಸುಳ್ಳು ಹೇಳಿಬಿಡಿ ಎಂದು ಕಣ್ಸನ್ನೆ ಮಾಡಿದೆ. ಅಪ್ಪನ ಕೈಲಿ ಆಗಲಿಲ್ಲ. ತಾನು ಪದ ತಿದ್ದಿದ್ದೇ ಹೊರತು ಪುಸ್ತಕ ಓದಿಲ್ಲ ಎಂದು ತಲೆ ತಗ್ಗಿಸಿ ಒಪ್ಪಿಕೊಂಡರು. ಒಡಹುಟ್ಟಿದವಳ ಪುಸ್ತಕವನ್ನೂ ಓದಿಲ್ಲ ಎನ್ನುವಾಗ ಅವರ ಕಿವಿ ಕೆಂಪಾಗಿತ್ತು.

ಅತ್ತೆ ಕೈಚೀಲದಿಂದ ಪುಸ್ತಕ ತೆಗೆದು ಆ ಪುಟ ಬಿಡಿಸಿ ಕೊಟ್ಟರು. ಅಪ್ಪ ಮೊದಲ ಸಾಲಿನಿಂದ ಓದಿದರು. ಕಾಲೇಜಿನಿಂದ ತಮ್ಮನ ಹೆಸರಿಗೆ ಒಂದು ಪತ್ರ ಬಂದಿತ್ತು. ಅವನು ಓದಲು ಹೊರಟುಹೋದರೆ ಹಾಸಿಗೆ ಹಿಡಿದ ಅಮ್ಮನನ್ನು ಒಬ್ಬಳೇ ನೋಡಿಕೊಳ್ಳಬೇಕಾಗುತ್ತದೆ ಎಂದು ಹೆದರಿ ಅಕ್ಕ ಅದನ್ನು ಒಲೆಗೆ ಹಾಕಿದ್ದಳು.

"ಹಾಗಾದ್ರೆ ನಂಗೆ ಸೀಟು ಸಿಕ್ಕಿತ್ತಾ?" ಎಂದರು ಅಪ್ಪ. ತಾನು ದಡ್ಡ, ಅದಕ್ಕೇ ಕಾಲೇಜಿನವರು ಪತ್ರ ಹಾಕಲಿಲ್ಲ ಎಂದು ಜೀವಮಾನವಿಡೀ ಹೇಳಿಕೊಂಡು ಬಂದವರು ಅವರು.

"ಸಿಕ್ಕಿತ್ತು ಕಣೋ."

ಅಪ್ಪ ಅತ್ತೆಯ ಕೈ ಹಿಡಿದುಕೊಂಡರು. "ಬಿಡು ಅಕ್ಕ. ನಿಂಗೂ ಆಗ ಹತ್ತೊಂಬತ್ತೇ ಅಲ್ವಾ."

ಆಮೇಲೆ ನನ್ನ ಕಡೆ ತಿರುಗಿ, ನೀನು ಓದಿದ್ದೆಯಲ್ಲ, ನಿನಗೆ ಗೊತ್ತಿತ್ತಾ ಎಂದು ಮೆಲ್ಲಗೆ ಕೇಳಿದರು. ಅತ್ತೆಯೂ ನನ್ನನ್ನೇ ನೋಡುತ್ತಿದ್ದರು. ನೆಲ ಬಿರಿದು ನನ್ನನ್ನು ನುಂಗಬಾರದೇ ಅನಿಸಿತು.

"ಓದಿದ್ದೆ ಅಪ್ಪ," ಅಂದೆ. "ಅತ್ತೂ ಇದ್ದೆ. ಮರೆತುಬಿಟ್ಟೆ."